ಹನ್ನೊಂದು ಮಾರು

ಲೈಸೆನ್ಸ್ ಬಂದು ಆರು ತಿಂಗಳು. ತಂತಿಯಿಲ್ಲದೆ ಮೂಕಿ.
ಏಳು ಮೆಗಾಹರ್ಟ್ಸಿಗೆ ಅರ್ಧ ಅಲೆ ಎಂದರೆ
ಇಪ್ಪತ್ತು ಮೀಟರು, ಚಿಲ್ಲರೆ.
ಕೋಡಿಬಾಗಿನ ನನ್ನ ಹಿತ್ತಿಲು
ಗೋಡೆಯಿಂದ ಬೇಲಿಗೆ ಹದಿಮೂರು.

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಮೂರು ರಾತ್ರಿ ಚಿತ್ರ ಬರೆದೆ.
ನೇರ ಡೈಪೋಲು: ಅರ್ಧ ನಮ್ಮದು, ಅರ್ಧ ರಸ್ತೆಯದು.
ತುದಿಯಿಂದ ಉಣಿಸುವ ಒಂಟಿ ತಂತಿಗೆ ಫೆರೈಟ್ ಉಂಗುರ ಬೇಕು,
ಕಾರವಾರದ ಪೇಟೆಯಲ್ಲಿ ಕೇಳಿದರೆ
ಯಾವ ಬೆರಳಿಗೆ ಎನ್ನುತ್ತಾರೆ.
ಚೌಕದ ಲೂಪಿಗೆ ನಾಲ್ಕು ಕಂಬ. ಕಂಬಕ್ಕೆಲ್ಲಿ ದುಡ್ಡು.
ತೆಂಗಿಗೆ ಕಟ್ಟಬಹುದು, ತೆಂಗು ಓಲಾಡಿ
ತಂತಿಯ ಜೀವ ತೆಗೆಯುತ್ತದೆ.
ಉಳಿದದ್ದು ತಲೆಕೆಳಗಾದ ವಿ:
ನೀರಿನ ಟಾಕಿಯ ಪಕ್ಕ ಒಂದೇ ಗಳ,
ಬಟ್ಟೆ ಹರಿದುಹೋದ ಕೊಡೆಯ ಎರಡು ಕಡ್ಡಿ.

ಒಂದು ತುದಿ ಮಾತ್ರ ಬೇಲಿ ದಾಟುತ್ತದೆ,
ಬುದವಂತ ಹರಿಕಂತ್ರರು ಬಲೆ ಒಣಹಾಕುವ ಗೂಟಕ್ಕೆ.
"ಎಂತದಿದು, ಬಂಗಡೆ ಒಣಗ್ಸೂಕಾ?"
ಮಾತಾಡಲಿಕ್ಕೆ, ಎಂದೆ. ನಕ್ಕರು.
ನನ್ನ ಅಳತೆಪಟ್ಟಿ ತುಕ್ಕು ಹಿಡಿದು ಎರಡು ಮೀಟರಿಗೇ ನಿಲ್ಲುತ್ತಿತ್ತು.
"ಇಪ್ಪತ್ತು ಮೀಟರಂದ್ರೆ ಹನ್ನೊಂದು ಮಾರು. ತಾ ಇಲ್ಲಿ."
ಎದೆಯಗಲಿಸಿ ತಂತಿ ಎಳೆದೆಳೆದು ಎಣಿಸಿದರು.
ಸಮುದ್ರಕ್ಕೆ ಹಗ್ಗ ಇಳಿಬಿಟ್ಟು ಆಳ ನೋಡಿದ ಕೈ,
ತಪ್ಪುವುದುಂಟೇ.

ಗಳ ಏರಿತು. ಕಟ್ಟಿದ್ದೂ ಅವರದೇ ಬಲೆಯ ನೈಲಾನು, ಹಸಿರು.
ತಂತಿ ಹಾಡಿದ್ದು ಏಳೂವರೆಯ ಹತ್ತಿರ.
ಅಂದರೆ ಗಿಡ್ಡ.
ಲೆಕ್ಕ ಮತ್ತೆ ಮಾಡಿದೆ, ಲೆಕ್ಕ ಸರಿ.
ಅವರು ಮೆಟ್ಟಿಲ ಮೇಲೆ ಕೂತು ತಮ್ಮ ಬಲಗೈ ನೋಡಿಕೊಂಡರು.
ಬೋಟಿನ ವಿಂಚಿಗೆ ಸಿಕ್ಕಿ ಮುರಿದದ್ದು, ಯಾವ ಕಾಲದಲ್ಲೋ;
ಕೂಡಿದೆ, ಪೂರ್ತಿ ಚಾಚುವುದಿಲ್ಲ.
"ಹಂಗಾರೆ ಇಷ್ಟ್ ವರ್ಷ ನಾ ಅಳ್ದ ಹಗ್ಗೆಲ್ಲ..."
ಅಲ್ಲಿಗೇ ಬಿಟ್ಟರು.

ಉದ್ದ ಬಿಟ್ಟು ಆಮೇಲೆ ಕಡಿಯಬೇಕು, ಗೊತ್ತಿದ್ದವರ ಮಾತು.
ನಾನು ಎರಡೂ ತುದಿಗೆ ಎರಡೆರಡು ಗೇಣು ಬೆಸೆದೆ.
ಗೇಣು ನನ್ನದು.

ರಾತ್ರಿ ಒಂಬತ್ತೂ ಹತ್ತು. ಸದಾಶಿವಗಡದ ಕಡೆ ಮಿಂಚಿಲ್ಲ.
ಗೊರಗೊರದೊಳಗಿಂದ ಭಾವನಗರದವಳೊಬ್ಬಳು
ನನ್ನ ಹೆಸರು ತಪ್ಪಾಗಿ ಹೇಳಿದಳು, ಊರು ಸರಿಯಾಗಿ.
ಆಂಟೆನಾ ಯಾವುದು? ಉದ್ದ ಎಷ್ಟು?
ಬೇಲಿಯಾಚೆ ಬೀಡಿಯ ಕೆಂಡ ಅಲ್ಲಾಡದೆ ನಿಂತಿತು.
ಹನ್ನೊಂದು ಮಾರು, ಎಂದೆ, ಓವರ್.
ಮಾರು ಅಂದರೇನು ಎಂದು ಅವಳು ಕೇಳುವಷ್ಟರಲ್ಲಿ
ಇಳಿತ ಬಂದು ದನಿಯನ್ನು ಎಳೆದುಕೊಂಡು ಹೋಯಿತು.

ಬೆಸುಗೆ ಉಪ್ಪುಗಾಳಿಗೆ ಬರುವ ತಿಂಗಳೇ ಹಸಿರಾಗುತ್ತದೆ.
ಮತ್ತೆ ಏಣಿ ತರಬೇಕು. ಏಣಿಯೂ ಅವರದೇ.