ಝೀರೋ ನೋಡ್ಕಳಿ

ಮಂಡ್ಯ ದಾಟಿ ಇಂಡುವಾಳಿನ ಕಡೆ, ಹಳೇ ರಸ್ತೆಯ ಬಂಕು.
ಎಂಟು ವರ್ಷದಿಂದ ಇಲ್ಲಿ ನನ್ನ ಬಾಯಲ್ಲಿ ಒಂದೇ ಮಾತು:
'ಝೀರೋ ನೋಡ್ಕಳಿ.'
ನಿದ್ದೆಯಲ್ಲೂ ಅಂದಿದ್ದೀನಂತೆ. ಮಗಳು ಹೇಳಿ ನಗುತ್ತಾಳೆ.

ದಿನದ ಮೊದಲ ಗಿರಾಕಿ ಚಿಕ್ಕಬೋರಯ್ಯ, ಆರೂಕಾಲಿಗೆ.
ಟಿವಿಎಸ್ಸಿನ ಎರಡೂ ಮಗ್ಗುಲಿಗೆ ಎಳನೀರಿನ ಗೊನೆ,
ಕಾಲ ಬುಡದಲ್ಲಿ ಗೋಣಿತಟ್ಟು ಸುತ್ತಿದ ಮಚ್ಚು.
ಯಾವತ್ತೂ ನೂರು ರೂಪಾಯಿಗೆ. ಹೆಚ್ಚಿಲ್ಲ, ಕಮ್ಮಿಯಿಲ್ಲ.
ನಾನು ಸೇರಿದ ವರ್ಷ ಆ ನೂರಕ್ಕೆ
ಲೀಟರಿನ ಮನೆಯಲ್ಲಿ ಒಂದೂವರೆ ಬಂದು ನಿಲ್ಲುತ್ತಿತ್ತು.
ಆಮೇಲೆ ಒಂದೂಕಾಲು. ಆಮೇಲೆ ಒಂದು, ಚಿಲ್ಲರೆ.
ಒಂದು ಬೆಳಿಗ್ಗೆ, ಒಂದನ್ನೂ ಮುಟ್ಟದೆ ನಿಂತುಬಿಟ್ಟಿತು.
ಬಗ್ಗಿ ನೋಡಿದ. 'ಮಿಸೀನು ಕೆಟ್ಟೋಯ್ತೇನವ್ವ?'
ಮಿಸೀನು ಸರಿಯಾಗೇ ಇತ್ತು.

ಆ ವಾರ ಆಸ್ಪತ್ರೆ ಗೇಟಿನಲ್ಲಿ ಎಳನೀರಿಗೆ ಐದು ರೂಪಾಯಿ ಏರಿತು.
ಡ್ರಿಪ್ಪು ಬಿಚ್ಚಿಸಿಕೊಂಡು ಬಂದ ಮುದುಕನಿಗೆ ಏನು ಗೊತ್ತು,
ತಾನು ಹೀರಿದ್ದರಲ್ಲಿ ಎರಡು ಗುಟುಕು ಪೆಟ್ರೋಲೆಂದು.

ಮ್ಯಾನೇಜರ್ ಶ್ರೀಕಂಠಾರಾಧ್ಯರು ಪೇಪರು ಮಡಿಸಿ
'ದೇಶ ಏಳು ಪರ್ಸೆಂಟು ಬೆಳೀತಾ ಇದೆ ಕಣಮ್ಮ' ಅನ್ನುತ್ತಾರೆ.
ಇರಬಹುದು. ಬೆಳೆಯುವುದು ಇಲ್ಲಿಗೂ ಕೇಳಿಸುತ್ತದೆ,
ರಾತ್ರಿ ಪಾಳಿಯಲ್ಲಿ, ಗದ್ದೆಯಾಚೆ, ಹೊಸ ಹೈವೇಯಲ್ಲಿ
ಹೊಳೆ ಬಂದ ಹಾಗೆ ಒಂದೇ ಸಮ ಮೊರೆತ.
ಆ ಹೊಳೆಯಿಂದ ನಮ್ಮ ಕಡೆಗೆ ಒಂದು ತೂಬೂ ಇಟ್ಟಿಲ್ಲ.
ಟಿವಿಎಸ್ಸನ್ನು ಅದರ ಮೇಲೆ ಬಿಡುವುದೂ ಇಲ್ಲ.
ಎದುರಿನ ತಟ್ಟೆ ಇಡ್ಲಿಯ ಹೋಟೆಲು ಮುಚ್ಚಿತು.
ಪಂಕ್ಚರ್ ಇನಾಯತ್ ಶೆಡ್ಡಿನ ತಗಡು ಬಿಚ್ಚಿಕೊಂಡು
ಪಾಂಡವಪುರಕ್ಕೆ ಹೋದ, ಗಾಳಿಯ ಡಬ್ಬಿ ನಮಗೇ ಮಾರಿ.
ಆರು ಪಂಪಿನಲ್ಲಿ ಮೂರಕ್ಕೆ ಟಾರ್ಪಾಲು ಹೊದಿಸಿದ್ದೇವೆ.

ಎಲ್ಲವೂ ನಿಂತಿದ್ದನ್ನೂ ಕಂಡಿದ್ದೀನಿ.
ಲಾಕ್‌ಡೌನಿನ ಏಪ್ರಿಲ್ಲು. ರಸ್ತೆಯ ನಡುವೆ ನಾಯಿ ಮಲಗಿತ್ತು.
ಎಲ್ಲೋ ಅಮೆರಿಕದಲ್ಲಿ ಎಣ್ಣೆಯ ರೇಟು
ಸೊನ್ನೆಗಿಂತ ಕೆಳಗಿಳಿಯಿತಂತೆ, ಟಿವಿಯಲ್ಲಿ ಬಂತು;
ಹೊತ್ತುಕೊಂಡು ಹೋಗುವವನಿಗೇ ದುಡ್ಡು ಕೊಡುತ್ತಾರಂತೆ.
ನಮ್ಮ ಬೋರ್ಡಿನ ಅಂಕಿ ಮಿಸುಕಲಿಲ್ಲ.
ಆ ತಿಂಗಳು ಮೊದಲ ಸಲ ಬಂಕಿಗೆ ಬೇವಿನ ಹೂವಿನ ವಾಸನೆ ಬಂತು.
ಕಕ್ಕಸಿನ ಹಿಂದೆ ಮರ ಇದೆ ಅಂತಲೇ
ಅಲ್ಲಿವರೆಗೆ ನಾನು ಗಮನಿಸಿರಲಿಲ್ಲ.
ಎಷ್ಟು ಚೆನ್ನಾಗಿತ್ತು.
ಸಂಬಳ ಅರ್ಧ ಬಂತು.

ಪಂಪಿನ ಮೇಲೆ ಈಗ ಹೊಸ ಸ್ಟಿಕ್ಕರು. ಕಬ್ಬಿನ ಸ್ಪಿರಿಟ್ಟು ಬೆರೆಸಿದೆಯಂತೆ.
ನಮ್ಮವ್ವ ಕಬ್ಬು ಕಡಿದವಳು. ಗರಿ ಕುಯ್ದ ಗೀರು
ಮೊಣಕೈವರೆಗೆ, ಒಣಗಿದ ಮೇಲೂ ಬೆಳ್ಳಗೆ.
ಒಂದೊಂದು ಸಲ ಪೈಪಿನ ಮೂತಿ ತೆಗೆಯುವಾಗ
ಅವಳ ಸೆರಗಿನ ಸಿಹಿ ಬೆವರು ಮೂಸಲು ನೋಡುತ್ತೀನಿ.
ಬರೀ ಪೆಟ್ರೋಲು.
ಚಿಕ್ಕಬೋರಯ್ಯನಿಗೆ ಓದಿ ಹೇಳಿದರೆ, ನಕ್ಕ:
'ಅಂಗಾರೆ ನನ್ ಗಾಡಿ ದಿನಾ ಕುಡ್ಕಂಡೇ ಓಡ್ತಾದೆ ಅನ್ನು.
ಪೋಲೀಸ್ನೋರು ಊದಿಸ್ಬೇಕಾದ್ದು ನನ್ ಕೈಲಲ್ಲ, ಇದ್ರ ಕೈಲಿ.'

ದಸರಾ ಕಳೆದು ಹದಿನೈದು ದಿನ ಅವನಿಲ್ಲ.
ಬಂದಿದ್ದು ಎಂಟು ಗಂಟೆಗೆ, ಸದ್ದೇ ಇಲ್ಲದೆ.
ಯಾರೋ ಓಡಿಸಿ ಬಿಟ್ಟ ಬ್ಯಾಟರಿ ಗಾಡಿ, ಕಂತಿನ ಮೇಲೆ,
ಅದೇ ಗೊನೆ, ಅದೇ ಮಚ್ಚು.
'ಮನೆ ಕರೆಂಟು ಕುಡೀತದೆ. ಬಿಲ್ಲು ಬಂದಾಗ ಅಳೋದು ಇದ್ದೇ ಅದೆ.
ಗಾಳಿ ಹಾಕವ್ವ. ಗಾಳಿಗಿನ್ನೂ ರೇಟು ಕಟ್ಟಿಲ್ವಲ್ಲ.'

ಕುಕ್ಕರುಗಾಲಲ್ಲಿ ಕೂತೆ. ಮುಂದಿನ ಚಕ್ರಕ್ಕೆ ಪೈಪು ಸಿಕ್ಕಿಸಿದೆ.
ಬಾಯಿ ತಾನಾಗಿ ಅಂದಿತು: 'ಝೀರೋ ನೋಡ್ಕಳಿ.'
ಅವನೂ ಬಗ್ಗಿ ನೋಡಿದ.