ಸೀಮೆಸುಣ್ಣದ ಗುರುತು

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ ನಾನು ಚೆಕರ್.
ದಿನಕ್ಕೆ ನಾನೂರು ಪ್ಯಾಂಟು ಕೈಮೇಲೆ ಹಾಯುತ್ತವೆ.
ತೊಡೆಸಂದಿಯ ಹೊಲಿಗೆ ಒಳಮಗ್ಗುಲಿಂದಲೇ ನೋಡಬೇಕು;
ಹೊರಗೆ ಎಲ್ಲ ನೀಟು, ಬಿಚ್ಚಿಕೊಳ್ಳುವುದು ಅಲ್ಲೇ.

ನನ್ನ ಒಳಮಗ್ಗುಲು ನೋಡಿದ್ದು ದೊಡ್ಡಾಸ್ಪತ್ರೆಯವರು,
ಆಶಾ ಸುಂಕಮ್ಮ ಕೈಹಿಡಿದು ಎಳೆದೊಯ್ದ ಗುರುವಾರ.
ಒಂದು ಬ್ರಶ್ಶು, ಒಂದು ಗಾಜಿನ ಪಟ್ಟಿ, ಎರಡು ನಿಮಿಷ.
ಮೇಲೆ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿತ್ತು.

ಹದಿನೈದು ದಿನಕ್ಕೆ ಕಾಗದ. ಇಂಗ್ಲಿಷು.
ಮಗಳು ಫೋನಿನಲ್ಲಿ ಅಕ್ಷರ ಕುಟ್ಟಿ ಕುಟ್ಟಿ
'ಅಬ್‌ನಾರ್ಮಲ್' ಅಂದಳು.
ಆ ರಾತ್ರಿ ಯಾವ ಸೀರೆ ಯಾರಿಗೆ ಎಂದು
ಮನಸ್ಸಿನಲ್ಲೇ ಹಂಚಿಬಿಟ್ಟೆ.

ಎಚ್‌ಪಿವಿ ಪಾಸಿಟಿವ್ ಅಂತಲೂ ಇತ್ತು.
ಅದು ಹೇಗೆ ಬರುತ್ತದೆಂದು ತಿಳಿದ ದಿನ
ಹೊನ್ನೂರ ಆಟೊ ನಿಲ್ಲಿಸಿ ಒಳಗೆ ಬಂದವನು
"ಯಾರದು?" ಅಂದ.
ಅದನ್ನೇ ನಾನು ಅವನಿಗೆ ಕೇಳಬೇಕೆಂದು
ಮಧ್ಯಾಹ್ನದಿಂದ ಕೂತಿದ್ದೆ.

"ಯಾರದು ಅಂತ ಹೇಳಾಕ ಬರಂಗಿಲ್ಲವ್ವ," ಅಂದಳು ಡಾಕ್ಟರು,
"ಹತ್ತು ವರ್ಷದ ಹಿಂದಿಂದೂ ಇರಬಹುದು.
ಬಾಳ ಮಂದಿಗೆ ಬರತೈತಿ, ಬಾಳ ಮಂದಿಗೆ ತಾನೇ ಹೋಗತೈತಿ.
ಹೋಗದೆ ಕುಂತರೆ ಕಣ್ಣಿಟ್ಟಿರಬೇಕು, ಅಷ್ಟ.
ಇದು ಕ್ಯಾನ್ಸರ್ ಅಂತ ಕಾಗದದಾಗ ಎಲ್ಲೂ ಬರೆದಿಲ್ಲ."

ದುರ್ಬೀನು ಹತ್ತಿರ ಎಳೆದಳು.
ಹತ್ತಿಯಲ್ಲಿ ಏನೋ ಅದ್ದಿ ಒಳಗೆ ಒತ್ತಿದಳು.
ಹುಳಿ ವಾಸನೆ. ಅರೆ,
ಇದು ನಮ್ಮ ವಾಷಿಂಗಿನ ಕೊನೇ ತೊಟ್ಟಿಯದು,
ಬ್ಲೀಚಿನಲ್ಲಿ ಬೆಂದ ನೀಲಿಯನ್ನು ಸಮಾಧಾನ ಮಾಡುವ ಆಸಿಡ್ಡು!
ಕಾಲೆತ್ತಿ ಮಲಗಿದಲ್ಲೇ ನಗು ಬಂತು.
"ಬೆಳ್ಳಗಾದಲ್ಲಿ ಒಂದು ಚೂರು ತಗೀತೀನಿ."
ತಗೀರಿ.
ನಾನೂ ಸೀಮೆಸುಣ್ಣದವಳೇ:
ಅಡ್ಡಗೆರೆ ಎಂದರೆ ಆಲ್ಟರ್, ಇಂಟು ಎಂದರೆ ರಿಜೆಕ್ಟ್;
ಇಂಟು ಹಾಕಿದ್ದು ಕಡಿಮೆ.

ಚೂರಿನ ಉತ್ತರ: ಸಣ್ಣ ಬದಲಾವಣೆ. ವರ್ಷಕ್ಕೆ ಮತ್ತೆ ಬಾ.
ಹೊನ್ನೂರ ದಾರಿಯಲ್ಲಿ ಆಟೊ ನಿಲ್ಲಿಸಿ
ಒಗ್ಗರಣೆ, ಮಿರ್ಚಿ ಕಟ್ಟಿಸಿದ. ಏನೂ ಕೇಳಲಿಲ್ಲ.
ಆ ಪ್ರಶ್ನೆ ಇಳಿದು ಹೋಗಿಲ್ಲ,
ಸೀಟಿನಲ್ಲಿ ಸ್ವಲ್ಪ ಸರಿದು ಕೂತಿದೆ.

ಸೋಮವಾರ ಪಕ್ಕದ ಮಷೀನಿನ ಶಂಶಾದಳಿಗೆ ಅಂದೆ:
ಗುರುವಾರ ಸುಂಕಮ್ಮ ಇರುತ್ತಾಳೆ, ಹೋಗು.
"ನನಗೇನಾಗಿದೆ ಅಕ್ಕಾ?"
ಕೈಯಲ್ಲಿದ್ದ ಪ್ಯಾಂಟನ್ನು
ಒಳಮಗ್ಗುಲಾಗಿ ತಿರುಗಿಸಿ
ಅವಳ ಮುಂದೆ ಹರವಿದೆ.