ಹನ್ನೊಂದು ಗೂಟ

ಬೈಕಂಪಾಡಿಯ ಮಿಲ್ಲಿನಲ್ಲಿ ನನ್ನ ಕೆಲಸ ಸುತ್ತಳತೆ ಹಿಡಿಯುವುದು.
ಪಣಂಬೂರಿಗೆ ಹಡಗು ಬಂದ ಮೂರನೇ ದಿನ
ಲಾರಿಗಳು ಒಂದರ ಹಿಂದೊಂದು ಏದುತ್ತ ಬರುತ್ತವೆ.
ಟೇಪು ಸುತ್ತುತ್ತೇನೆ, ತೊಗಟೆಗೆಂದು ಎರಡಿಂಚು ಕಳೆಯುತ್ತೇನೆ,
ದಿಮ್ಮಿಯ ಮುಖಕ್ಕೆ ನೀಲಿ ಸೀಮೆಸುಣ್ಣದ ನಂಬರು.
ಪಕ್ಕದಲ್ಲಿ ಆಗಲೇ ಯಾರೋ ಕೆಂಪಿನಲ್ಲಿ ಬರೆದ ಇನ್ನೊಂದು ನಂಬರು,
ಸುತ್ತಿಗೆಯ ಒಂದು ಮುದ್ರೆ.
ಊರಿನ ಹೆಸರು ಇರುವುದಿಲ್ಲ.
ಕಾಗದದಲ್ಲಿ ಬಂದರಿನ ಹೆಸರಿದೆ: ಬಿಂತುಲು.
ಬಂದರಿನಲ್ಲಿ ಮರ ಬೆಳೆಯುತ್ತದೆಯೇ, ಒಮ್ಮೆ ಕೇಳಿದ್ದೆ.
ಬಿಲ್ಲು ಬೆಳೆಯುತ್ತದೆ, ಅಂದಿದ್ದರು ಸಾಹುಕಾರ್ರು.

ಅವತ್ತು ಇದಿನಬ್ಬ ಗರಗಸ ನಿಲ್ಲಿಸಿ ಕೂಗಿದ.
ಅವನು ಕೂಗುವುದು ಕಬ್ಬಿಣ ಸಿಕ್ಕರೆ, ಇಲ್ಲವೇ ಹಾವು ಸಿಕ್ಕರೆ.
ಎರಡೂ ಅಲ್ಲ.
ಸೀಳಿದ ದಿಮ್ಮಿಯ ಒಳಗೆ, ತೊಗಟೆಯಿಂದ ಒಂದು ಗೇಣು ಆಳದಲ್ಲಿ
ಮರದೊಳಗೆ ಮರದ ಗೂಟ.
ಅದರ ಮೇಲೆ ಇನ್ನೊಂದು. ಮತ್ತೊಂದು.
ಎಣಿಸಿದೆವು, ಹನ್ನೊಂದು.
ಯಾರೋ ಹೊಡೆದು ಹೋದದ್ದು, ಮರ ಸುಮ್ಮನೆ ನುಂಗಿಕೊಂಡದ್ದು;
ಗಾಯದ ಸುತ್ತ ಉಂಗುರಗಳು ಬಾಗಿ ದಾಟಿದ್ದವು
ಬಂಡೆ ಬಳಸಿ ತೋಡಿನ ನೀರು ದಾಟುವ ಹಾಗೆ.

ಮಾಟ ಇರಬಹುದು, ಅಂದ ಇದಿನಬ್ಬ.
ಶಿಲುಬೆಗೂ ಇಷ್ಟು ಮೊಳೆ ಬೇಡ, ಅಂದ ಕ್ರೇನಿನ ಸಿಪ್ರಿಯನ್.
ನಾನು ಟೇಪು ತೆಗೆದೆ, ರೂಢಿ.
ಗೂಟದಿಂದ ಗೂಟಕ್ಕೆ ಹದಿನೇಳು ಇಂಚು.

ಆಗ ಗೊತ್ತಾಯಿತು.
ಕುಳಾಯಿಯಲ್ಲಿ ಅಪ್ಪ ಐವತ್ತಮೂರು ತೆಂಗಿನ ಮರಗಳಿಗೆ ಮೂರ್ತೆಯವರು.
ಕಟ್ಟಿದ ಸಿಪ್ಪೆಯಿಂದ ಸಿಪ್ಪೆಗೆ ಹತ್ತೊಂಬತ್ತೂವರೆ ಇಂಚು,
ಅವರ ಮೊಣಕಾಲಿನ ಅಳತೆ ಅದು.
ಆ ಮರಗಳನ್ನು ಬೇರೆ ಯಾರು ಹತ್ತಿದರೂ ತೊಡೆ ಹಿಡಿದುಕೊಂಡು ಇಳಿಯುತ್ತಿದ್ದರು.
(ಮರಗಳು ಈಗಿಲ್ಲ. ಅಲ್ಲಿ ಕಂಟೇನರು ನಿಲ್ಲುತ್ತವೆ.)
ಇವನು ಅಪ್ಪನಿಗಿಂತ ಗಿಡ್ಡ.
ಎಂಟನೆಯ ಗೂಟ ಮಾತ್ರ ಹತ್ತೇ ಇಂಚಿಗೆ, ಓರೆಯಾಗಿ ಹೊಡೆದದ್ದು.
ದಣಿದಿದ್ದನೋ, ಹುಳ ಎದ್ದಿತ್ತೋ.

ಹುಳ ಎಂದು ನನಗೆ ಹೇಳಿದ್ದು ನ್ಯಾಲೌ,
ಬಂದರಿನ ಗೇಟಿನೆದುರು ಚಾ ಕುಡಿಯುತ್ತಿದ್ದ ಹಡಗಿನ ಹುಡುಗ.
ಅವನ ಇಂಗ್ಲಿಷು ನನ್ನದಕ್ಕಿಂತ ಒಂದು ಮುಷ್ಟಿ ಹೆಚ್ಚು.
ಫೋಟೋ ನೋಡಿದ, ಎರಡೂ ಕೈ ಅಗಲಿಸಿ ತೋರಿಸಿದ: ಅಷ್ಟು ದೊಡ್ಡ ಎರಿ.
ನಮ್ಮ ಹೆಜ್ಜೇನೇ.
ಚಂದ್ರನಿಲ್ಲದ ರಾತ್ರಿ ಗೂಟ ಹೊಡೆಯುತ್ತ ಹತ್ತುತ್ತಾರಂತೆ,
ಸೂಟೆಯ ಕಿಡಿ ಉದುರಿಸಿದರೆ
ಹುಳಗಳು ಕಿಡಿಯ ಬೆನ್ನು ಹಿಡಿದು ನೆಲಕ್ಕಿಳಿಯುತ್ತವಂತೆ.
ಆ ಮರ ಕಡಿಯುವಂತಿಲ್ಲ, ಅಂದ.
ಆಮೇಲೆ ಇನ್ನೊಮ್ಮೆ ಫೋಟೋ ನೋಡಿ ಸುಮ್ಮನಾದ.

ಯಾವ ಊರಿರಬಹುದು?
ಹೊಳೆಯ ಮೇಲೆ, ಅಂದ. ಹೊಳೆ ನೂರಾರು.
ಊರೆಂದರೆ ಒಂದೇ ಉದ್ದ ಮನೆ, ಇಪ್ಪತ್ತು ಬಾಗಿಲು,
ಅದಕ್ಕೆ ಯಜಮಾನನ ಹೆಸರು. ಅವನು ಸತ್ತರೆ
ಊರು ಎದ್ದು ಮುಂದಿನವನ ಹೆಸರಿಗೆ ಹೋಗುತ್ತದೆ.
ನಕ್ಷೆ ಬರೆಯುವವ ದೋಣಿ ಇಳಿಯುವಷ್ಟರಲ್ಲಿ ಹೆಸರು ಹಳತು.
ಚಾಯದ ದುಡ್ಡು ಅವನೇ ಕೊಟ್ಟ.

ಅಳತೆ ಪುಸ್ತಕದಲ್ಲಿ ದೋಷ ಎಂಬ ಕಾಲಮಿದೆ:
ಸೀಳು, ಟೊಳ್ಳು, ಗಂಟು, ಹುಳುಕು.
ಇದ್ದದ್ದು ಬರಿ, ಕ್ಲೇಮು ಕಳಿಸಬೇಕು, ಅಂದರು ಸಾಹುಕಾರ್ರು.
ಬರೆದೆ:
ನಂಬರು ೪೧೭. ಒಬ್ಬ ಮನುಷ್ಯ ಹತ್ತಿದ್ದಾನೆ.
ಇಳಿದದ್ದು ಕಾಣಿಸುವುದಿಲ್ಲ.
ಅವರು ಅದನ್ನು ಹೊಡೆದುಹಾಕಿ, ಗಂಟು, ಎಂದು ತಿದ್ದಿದರು.

ಎಂಟನೆಯ ಗೂಟವನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.
ಅಪ್ಪ ಅದನ್ನು ಮೂಸಿದರು, ಉಗುರಿನಲ್ಲಿ ಕೆರೆದರು,
ಜಾತಿ ಕೇಳಲಿಲ್ಲ, ದೇಶ ಕೇಳಲಿಲ್ಲ.
ಬೂರಿಯೆನಾ? ಅಂದರು. ಬಿದ್ದನೇ?
ಗೊತ್ತಿಲ್ಲ ಅಪ್ಪ.
ಎಷ್ಟು ಎತ್ತರ?
ನಮ್ಮ ಮಿಲ್ಲಿಗೆ ಬಂದದ್ದು ಹದಿನಾಲ್ಕು ಅಡಿ.
ಮಿಕ್ಕದ್ದು ಬೇರೆ ಮಿಲ್ಲುಗಳಲ್ಲಿ.